ಕುದುರೆ ಕೂದಲಿನ ಸೀಟು

ಹಳೇ ಕಾರು ರಿಪೇರಿಯ ಹುಚ್ಚು ನಮ್ಮ ಯಜಮಾನರಿಗೂ ಗುಬ್ಬಿಯ ಅವರ ಸ್ನೇಹಿತರಿಗೂ ಒಂದೇ ಸಮ ಇತ್ತು. ಅರವತ್ತರ ದಶಕದ ಮೊದಲಲ್ಲಿ, ತುಮಕೂರಿನ ನಮ್ಮ ಹಿತ್ತಲಲ್ಲಿ ಇಬ್ಬರೂ ಸೇರಿ ಒಂದು ಮುರುಕು ಕಾರನ್ನು ಸರಿ ಮಾಡುತ್ತಿದ್ದರು. ಸೀಟು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲಿದ್ದಂತೆ ಕುದುರೆ ಕೂದಲನ್ನೇ ತುಂಬಬೇಕೆಂದು ಆ ಸ್ನೇಹಿತರು ಕುಣಿಗಲ್ ಕುದುರೆ ಫಾರಂನಿಂದ ಒಂದು ಮೂಟೆ ತಂದರು. "ಮಡಿ ಮನೆ ಕಣಪ್ಪ, ಒಳಗೆ ತರಬೇಡ" ಎಂದೆ. ಅವರು ಹೊರಗೇ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಹಾಕಿ, ಅಷ್ಟನ್ನೂ ತಾವೇ ತೊಳೆದರು. ಜೊತೆಗೆ ಬಂದಿದ್ದ ಅವರ ಹೆಂಡತಿ, "ಮದ್ವೆಯಾಗಿ ಇಷ್ಟು ವರ್ಷಾಯ್ತು, ನನ್ನ ತಲೆಗೊಂದು ಚೊಂಬು ನೀರು ಹುಯ್ದಿಲ್ಲ. ಕುದುರೆ ಬಾಲಕ್ಕೆ ಎರೀತವ್ರೆ ನೋಡಿ!" ಎಂದು ನಕ್ಕರು.

ತೊಳೆದರೂ ನನ್ನ ಮನಸ್ಸು ಒಪ್ಪಲಿಲ್ಲ. ಹೊಲಿದೆನೇ ಹೊರತು ಆ ಸೀಟಿನಲ್ಲಿ ಕೂರಲಿಲ್ಲ. ಬಂದಾಗಲೆಲ್ಲ ಅವರು, "ಅಕ್ಕಾ, ಒಂದ್ಸಲ ಕೂತ್ಕೊಂಡು ಹೆಂಗಿದೆ ಹೇಳ್ರಕ್ಕಾ" ಎನ್ನುತ್ತಿದ್ದರು. "ಈಗ ಸ್ನಾನ ಆಗಿದೆ, ಇನ್ನೊಂದಿನ" ಎನ್ನುತ್ತಿದ್ದೆ.

ಅವರು ಹೋದರೆಂದು ಸುದ್ದಿ ಬಂದ ಬೆಳಿಗ್ಗೆ ಆ ಕಾರಿನಲ್ಲೇ ಗುಬ್ಬಿಗೆ ಹೊರಟೆವು. ಸಾವಿನ ಮನೆಯಿಂದ ಬಂದ ಮೇಲೆ ಹೇಗೂ ಸ್ನಾನ ಮಾಡಲೇಬೇಕಲ್ಲ, ಹತ್ತಿ ಕೂತೆ. ದಾರಿಯ ಹಳ್ಳದಿಣ್ಣೆ ಒಂದೂ ಮೈಗೆ ತಾಗಲಿಲ್ಲ.

ನಾನು ಇಳಿಯುವುದನ್ನು ಕಂಡ ಅವರ ಹೆಂಡತಿ ಕೈ ಹಿಡಿದುಕೊಂಡು, "ಕೂತ್ರಾ ಅಕ್ಕಾ?" ಎಂದು ಅತ್ತರು.

"ಕೂತೆ ಕಣಮ್ಮ. ಬಹಳ ಚೆನ್ನಾಗಿದೆ" ಎಂದೆ. ನಡುಮನೆಯಲ್ಲಿ ಮಲಗಿಸಿದ್ದ ಅವರ ಹತ್ತಿರ ಹೋಗಿ ಇನ್ನೊಂದು ಸಲ ಹೇಳಿದೆ. ಅವರನ್ನು ಎತ್ತುವ ಮೊದಲು ಅಷ್ಟು ಹೇಳುವುದಕ್ಕಾದರೂ ದೇವರು ಹೊತ್ತು ಕೊಟ್ಟ.