ಗ್ಯಾಸು ಎಂಬ ಮಾತು ಇನ್ನೆಷ್ಟು ವರ್ಷ

ನಮ್ಮ ಯಜಮಾನರು ಪಾಂಡವಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುಟ್ಟುಹೋದ ಪಂಪ್‌ಸೆಟ್ಟಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಕೆಲಸ. ಶ್ರೀರಂಗಪಟ್ಟಣದ ನಾಲೆ ಬಯಲಿನಿಂದ ನಾಗಮಂಗಲದ ಬೋರ್‌ವೆಲ್ ಹೊಲಗಳವರೆಗೆ ರೈತರು ಮೋಟಾರನ್ನು ಆಟೊದಲ್ಲಿ ಹಾಕಿಕೊಂಡು ಬರುತ್ತಿದ್ದರು. ತಂತಿ ಸುತ್ತಿ ಮುಗಿದ ಮೇಲೆ ವಾರ್ನಿಷ್ ಒಣಗುವ ತನಕ ಕಾಯಬೇಕು. ಕಾಯುವವರಿಗೆ ಟೀ ಜೊತೆಗೆ ಯಜಮಾನರ ಭವಿಷ್ಯವೂ ಸಿಗುತ್ತಿತ್ತು. ಜಾತಕದ ಭವಿಷ್ಯವಲ್ಲ, ಯಂತ್ರಗಳದ್ದು. ಯಾವುದು ಬಂದು ನಿಲ್ಲುತ್ತದೆ, ಯಾವುದು ಎರಡು ವರ್ಷ ಮೆರೆದು ಅಟ್ಟ ಸೇರುತ್ತದೆ ಎಂದು ಹೇಳುವುದು.

ಅದಕ್ಕೆ ಅವರದೇ ಒಂದು ಅಳತೆ ಇತ್ತು.

“ಕೈಲಿರೋ ಕೆಲ್ಸ ಬುಡಿಸಿದ್ರೆ ನಿಲ್ತದೆ. ಕೈಗೆ ಒಸ ಕೆಲ್ಸ ಅಂಟಿಸಿದ್ರೆ ಮೂಲೆ ಸೇರ್ತದೆ. ಅಷ್ಟೇ ಕಣ್ಲಾ.”

ಮನೆಯಲ್ಲಿ ಕೂತು ಫೋನಿನಿಂದಲೇ ಹೊಲದ ಮೋಟಾರು ಹಾಕುತ್ತೀರಿ ಎಂದು ಅವರು ಹೇಳಿದಾಗ ಬೆಂಚಿನ ಮೇಲಿದ್ದವರು ನಕ್ಕಿದ್ದರು. “ಅಂಗೇ ಮಲ್ಗಿದ್ದಂಗೇ ಮುದ್ದೆ ಉಣ್ಸೋ ಮಿಷಿನ್ನೂ ಯೋಳ್ಬುಡಣ್ಣ” ಎಂದಿದ್ದ ಒಬ್ಬ. ಈಗ ಅವನೂ ಜಗಲಿಯಿಂದಲೇ ಮೋಟಾರು ಹಾಕುತ್ತಾನೆ. ಕಬ್ಬು ಕಡಿಯುವ ಯಂತ್ರ ಬರುತ್ತದೆ ಎಂದರು, ಬಂತು. ತಪ್ಪಿದ್ದೂ ಉಂಟು. ಬಿಸಿಲಿನಲ್ಲಿ ಬೇಯಿಸುವ ಪೆಟ್ಟಿಗೆ ಮನೆಮನೆಗೂ ಬರುತ್ತದೆ ಎಂದು ತಾವೇ ಒಂದನ್ನು ತಂದು ತಾರಸಿಯ ಮೇಲಿಟ್ಟರು. ಬೆಳಿಗ್ಗೆ ಇಟ್ಟ ಬೇಳೆ ಸಂಜೆಗೂ ಬೇಯಲಿಲ್ಲ. ಅದರಲ್ಲಿ ನಾನು ಎರಡು ಬೇಸಿಗೆ ಮೆಣಸಿನಕಾಯಿ ಒಣಗಿಸಿದೆ.

ಅವರು ಹೋಗಿ ವರ್ಷ ಕಳೆದಿದೆ. ಅಂಗಡಿಯನ್ನು ಅವರ ಕೈಕೆಳಗೆ ಕೆಲಸ ಕಲಿತವರು ನಡೆಸುತ್ತಿದ್ದಾರೆ, ನಾನು ಮಧ್ಯಾಹ್ನ ಹೋಗಿ ಬರುವ ಹೋಗುವ ಮೋಟಾರುಗಳ ಚೀಟಿ ಬರೆಯುತ್ತೇನೆ. ಹತ್ತನೇ ತರಗತಿ ಮುಗಿಸಿದ ನನಗೆ ಅಷ್ಟು ಬರುತ್ತದೆ. ಈಗಲೂ ಹಳೆಯ ಗಿರಾಕಿಗಳು ಬೆಂಚಿನ ಮೇಲೆ ಕೂತು, “ಅಣ್ಣ ಇದ್ದಿದ್ರೆ ಇದಕ್ಕೇನ್ ಅಂತಿದ್ರು ಅಕ್ಕ?” ಎಂದು ಯಾವುದಾದರೂ ಹೊಸ ವಸ್ತುವಿನ ಬಗ್ಗೆ ಕೇಳುತ್ತಾರೆ. ಮೊದಮೊದಲು ನಾನು ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದೆ. ಈಗ ಉತ್ತರ ಹೇಳುತ್ತೇನೆ. ಅವರ ಜೊತೆ ಅಷ್ಟು ವರ್ಷ ಬಾಳಿದ ಮೇಲೆ ಆ ಅಳತೆ ನನ್ನ ಕೈಗೂ ಬಂದಿದೆ.

ಗದ್ದೆಗೆ ಔಷಧಿ ಹೊಡೆಯುವ ಡ್ರೋನು ನಿಲ್ಲುತ್ತದೆ. ಬೆನ್ನಿನ ಮೇಲೆ ಕ್ಯಾನು ಹೊತ್ತು ಕೆಸರಿನಲ್ಲಿ ನಡೆದವರನ್ನು ಕೇಳಿದರೆ ಯಾಕೆಂದು ಗೊತ್ತಾಗುತ್ತದೆ. ಹಸುವಿನ ಕೊರಳಿಗೆ ಕಟ್ಟುವ, ಅದರ ಜ್ವರವನ್ನೂ ಬೆದೆಯನ್ನೂ ಫೋನಿಗೆ ತಿಳಿಸುವ ಪಟ್ಟಿ ನಿಧಾನವಾಗಿಯಾದರೂ ಬರುತ್ತದೆ. ಮಾತು ಕೇಳಿ ಉತ್ತರಿಸುವ ಫೋನು ಬಂದೇ ಆಗಿದೆ, ಆದರೆ ಅದು ಇನ್ನೂ ನಮ್ಮ ಕಡೆಯ ಮಾತು ಕಲಿಯಬೇಕು. ಪಕ್ಕದ ಮನೆಯಾಕೆ ಡೇರಿಗೆ ಹೋಗುವ ಮುಂಚೆ “ಇವತ್ತು ಆಲು ಎಷ್ಟಾಗದೆ” ಎಂದು ಕೇಳಿದರೆ ಅದು ಆಲೂಗಡ್ಡೆಯ ಧಾರಣೆ ಓದಿತು. “ನಿನ್ ಬಾಯಿಗಿಷ್ಟು, ಆಲು ಕಣೇ, ಅಸ ಕೊಡೋ ಆಲು” ಎಂದು ಅವಳು ಫೋನಿಗೇ ಬೈದಳು. ಬೈಸಿಕೊಂಡು ಬೈಸಿಕೊಂಡು ಕಲಿಯುತ್ತದೆ. ಹತ್ತು ವರ್ಷದೊಳಗೆ ಓದು ಬರದವರೂ ತಮ್ಮ ಅರ್ಜಿಯನ್ನು ತಾವೇ ಮಾತಿನಲ್ಲಿ ಬರೆಸುತ್ತಾರೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವುದು ಬೇರೆ ಒಂದು ವಸ್ತುವಿನ ಬಗ್ಗೆ. ಅದನ್ನು ಯಜಮಾನರು ಒಂದು ದಿನವೂ ಬಾಯಿಗೆ ತಂದವರಲ್ಲ.

ಸುಟ್ಟ ಮೋಟಾರು ತರುವ ರೈತ ಯಾವತ್ತೂ ಸುಟ್ಟಿದೆ ಎನ್ನುವುದಿಲ್ಲ. “ಕಂಡೆನ್ಸರ್ ಓಗಿರ್ಬೇಕು ಕಣಣ್ಣ” ಎನ್ನುತ್ತಾನೆ. ಕಂಡೆನ್ಸರ್ ಎಂದರೆ ಸಣ್ಣ ಡಬ್ಬಿ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ವೈಂಡಿಂಗ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಅವನು ಕಂಡೆನ್ಸರ್ ಎಂದೇ ನಂಬಿರುತ್ತಾನೆ, ಇಲ್ಲವೆ ನಂಬಿದಂತೆ ನಿಂತಿರುತ್ತಾನೆ. ಯಜಮಾನರು ಬೈಯುತ್ತಿದ್ದರು: “ಮೀಟರ್ ಆಕಿ ನೋಡ್ದೆ ಕಂಡೆನ್ಸರ್ ಅನ್ಬೇಡ ಕಣ್ಲಾ.” ದಿನಕ್ಕೆ ನಾಲ್ಕು ಬಾರಿಯಾದರೂ ಈ ಮಾತು ಅಂಗಡಿಯಲ್ಲಿ ಕೇಳುತ್ತಿತ್ತು.

ಅದೇ ಮನುಷ್ಯ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, “ಗ್ಯಾಸಾಗದೆ” ಎಂದರು.

ನಮ್ಮ ಕಡೆ ಗಂಡಸರಿಗೆ ಎದೆನೋವು ಬರುವುದೇ ಇಲ್ಲ. ಬರುವುದೆಲ್ಲ ಗ್ಯಾಸು. ಎದೆ ಉರಿದರೂ ಗ್ಯಾಸು, ಹಿಂಡಿದರೂ ಗ್ಯಾಸು, ಎಡತೋಳು ಜೋಮು ಹಿಡಿದರೂ ಗ್ಯಾಸು ಏರಿದೆ ಎನ್ನುತ್ತಾರೆ. ಅದಕ್ಕೆ ಔಷಧಿ ಸೋಡ, ಜೀರಿಗೆ ನೀರು, ಬೆನ್ನಿಗೆ ನಾಲ್ಕು ಗುದ್ದು. ನಾನು ಸೋಡ ತರಿಸಿದೆ. ಅವರು ಕುಡಿದು ತೇಗಿದರು. ತೇಗು ಬಂತಲ್ಲ, ಸರಿಹೋಯಿತು ಎಂದುಕೊಂಡೆವು. ಆಮೇಲೆ ಇನ್ನೆರಡು ಸಲ ಗ್ಯಾಸು ಎಂದರು. ಕೊನೆಯ ಸಲ ನನ್ನ ಮುಖ ನೋಡಿಕೊಂಡು ಹೇಳಿದರು. ಸ್ನಾನಕ್ಕೆ ನೀರು ತೋಡಿಟ್ಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ವರ್ಷದ ತಿಥಿ ಮುಗಿದ ಮೇಲೆ ನನ್ನ ತಮ್ಮ ಬಂದು ನಾಲ್ಕು ದಿನ ಇದ್ದು ಬಾ ಎಂದು ಕರೆದುಕೊಂಡು ಹೋದ. ಅವನದು ಕೆ.ಆರ್. ಪೇಟೆ ತಾಲ್ಲೂಕು, ಸಂತೆಬಾಚಹಳ್ಳಿಯ ಹತ್ತಿರದ ಊರು. ಒಂದಿಷ್ಟು ತೆಂಗು, ಮೂರು ಹಸು, ಅವನು, ಅವನ ಹೆಂಡತಿ. ಮೂರನೇ ದಿನ ಬೆಳಿಗ್ಗೆ ಅವನು ಹಿತ್ತಿಲಲ್ಲಿ ಕಾಯಿ ಸುಲಿಯುತ್ತಿದ್ದ. ಸುಲಿಯುವ ಸದ್ದು ನಿಂತಿತು. ನೋಡಿದರೆ ಅವನು ಮಟ್ಟೆಯ ರಾಶಿಯ ಮೇಲೆ ಕೂತು ಅಂಗೈಯಿಂದ ಎದೆ ನೀವಿಕೊಳ್ಳುತ್ತಿದ್ದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

“ಏನ್ಲಾ?” ಎಂದೆ.

“ಏನಿಲ್ಲ ಕಣಕ್ಕ, ಗ್ಯಾಸು. ರಾತ್ರೆ ಉಪ್ಸಾರಿಗೆ ಕಾರ ಜಾಸ್ತಿ ಆಯ್ತು. ಇವ್ಳಿಗೆ ಯೋಳಿದ್ರೆ ಕೇಳ್ತಾಳಾ.”

ನಾದಿನಿ ಒಳಗಿಂದಲೇ, “ಮೂರ್ ಸಲ ಆಕಿಸ್ಕಂಡ್ ಉಂಡೋರು ಯಾರು? ಈಗ ನನ್ ಕಾರದ ಮ್ಯಾಲೆ ಯೋಳಿ” ಎಂದು ಜೀರಿಗೆ ನೀರಿನ ಲೋಟ ಹಿಡಿದು ಬಂದಳು.

ಅದೇ ಬೆವರು, ಅದೇ ಅಂಗೈ, ಅದೇ ಲೋಟ. ಗ್ಯಾಸು ಎಂಬ ಮಾತಿಗೆ ಗಂಡನನ್ನು ಕಳೆದುಕೊಂಡಿದ್ದೆ. ಈಗ ತಮ್ಮನನ್ನೂ ಅದೇ ಒಂದು ಮಾತಿಗೆ ಬಿಟ್ಟುಕೊಡುತ್ತೇನೆಯೇ ಎನಿಸಿತು.

“ಎದ್ದೇಳು, ಆಸ್ಪತ್ರೆಗೆ ಹೋಗೋಣ.”

“ಸುಮ್ಕಿರಕ್ಕ ನೀನೊಬ್ಳು. ಗ್ಯಾಸ್ಗೆಲ್ಲ ಆಸ್ಪತ್ರೆಗೋದ್ರೆ ಊರ್ನೋರು ನಗ್ತಾರೆ. ಕಾಯಿ ಲೋಡು ಮಧ್ಯಾನ ಬತ್ತದೆ.”

ಬೇಡಿದೆ, ಗದರಿಸಿದೆ. ಅವನು ಲೋಟ ತೆಗೆದುಕೊಳ್ಳಲು ಕೈ ಚಾಚಿದ. ಆಗ ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಬಂದುಬಿಟ್ಟಿತು: “ಮೀಟರ್ ಆಕಿ ನೋಡ್ದೆ ಕಂಡೆನ್ಸರ್ ಅನ್ಬೇಡ ಕಣ್ಲಾ.”

ತಮ್ಮನ ಕೈ ಅಲ್ಲೇ ನಿಂತಿತು. ತನ್ನ ಭಾವನ ಅಂಗಡಿಗೆ ಸುಟ್ಟ ಮೋಟಾರು ಹೊತ್ತುಕೊಂಡು ಹೋಗಿ ಅವನೂ ಈ ಬೈಗುಳ ಎಷ್ಟೋ ಸಲ ತಿಂದವನು. ಅವನು ನನ್ನನ್ನು ನೋಡಿದ, ಲೋಟವನ್ನು ನೋಡಿದ. ಆಮೇಲೆ ಎದ್ದು ಟವಲು ಹೆಗಲಿಗೆ ಹಾಕಿಕೊಂಡ.

ಎದುರು ಮನೆಯವರ ಕಾರನ್ನು ಊರಿನ ಹುಡುಗನೊಬ್ಬ ಓಡಿಸಿದ, ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ಅವರು ಕಪಾಟಿನಿಂದ ಊಟದ ಡಬ್ಬಿಗಿಂತ ಚಿಕ್ಕದಾದ ಒಂದು ಪೆಟ್ಟಿಗೆ ತೆಗೆದರು. ಅದರಿಂದ ತೆಳ್ಳನೆಯ ವೈರುಗಳು ಬಂದಿದ್ದವು. ಅಂಗಿ ಬಿಚ್ಚಿ ಮಲಗಿ ಎಂದರೆ ತಮ್ಮ ನನ್ನ ಕಡೆ ನೋಡಿ ನಾಚಿಕೊಂಡ. ಎದೆಗೆ ಏನೋ ಸವರಿ ಬಿಲ್ಲೆಗಳನ್ನು ಅಂಟಿಸುವಾಗ ಕೇಳಿದ:

“ಕರೆಂಟ್ ಒಡೀತದಾ ಮೇಡಂ?”

“ನಾವು ಕರೆಂಟ್ ಕೊಡಲ್ಲ ಯಜಮಾನ್ರೆ. ನಿಮ್ಮ ಎದೆಯೊಳಗಿನ ಕರೆಂಟನ್ನ ಓದ್ತೀವಿ ಅಷ್ಟೆ.”

ಅಷ್ಟು ವರ್ಷ ಕರೆಂಟಿನ ಜೊತೆ ಬದುಕಿದ ಮನೆ ನಮ್ಮದು. ಎದೆಯೊಳಗೂ ಅದು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಎದೆಬಡಿತದ ಗೀಟುಗಳು ಫೋನಿನಲ್ಲಿ ಮೂಡಿದವು. ನರ್ಸಮ್ಮ ಅದನ್ನು ದೂರದ ವೈದ್ಯರೊಬ್ಬರಿಗೆ ಕಳಿಸಿದರು. ನಾವು ಎದ್ದು ಕುಡಿಯಲು ನೀರು ಹುಡುಕುವಷ್ಟರಲ್ಲಿ ಫೋನು ಬಂತು. ಈಗ ಬಂದ ಗೀಟಿನಲ್ಲಿ ಹೆದರುವಂಥದ್ದು ಕಾಣುತ್ತಿಲ್ಲ, ಆದರೆ ಒಂದೇ ಸಲ ನೋಡಿ ಬಿಡುವ ಹಾಗಿಲ್ಲ, ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿ ಇನ್ನೊಮ್ಮೆ ಗೀಟು ತೆಗೆಯುತ್ತಾರೆ ಎಂದರು. ಕೆ.ಆರ್. ಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ತಮ್ಮ ಕಾಯಿ ಲೋಡಿನ ಬಗ್ಗೆ ಮಾತಾಡಿದ. ನಾದಿನಿ ಅವನ ಮಣಿಕಟ್ಟು ಹಿಡಿದುಕೊಂಡೇ ಕೂತಿದ್ದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಕೆಲವು ಗಂಟೆ ಇರಿಸಿಕೊಂಡು ಮತ್ತೊಮ್ಮೆ ತೆಗೆದರು. ಗೀಟೂ ಇನ್ನೊಮ್ಮೆ. ಆ ಹೊತ್ತಿನಲ್ಲಿ ನಾನು ಗೋಡೆಗೆ ಒರಗಿ ಎರಡೇ ಲೆಕ್ಕ ಹಾಕುತ್ತಿದ್ದೆ. ಹೃದಯವೇ ಆಗಿದ್ದರೆ ಬೇಗ ಬಂದೆವು. ಅಲ್ಲವಾದರೆ ಇವನು ಇನ್ನು ಹತ್ತು ವರ್ಷ ನನ್ನನ್ನು ಹಂಗಿಸುತ್ತಾನೆ. ಹಂಗಿಸಲಿ ದೇವರೇ, ಹತ್ತಲ್ಲ ಇಪ್ಪತ್ತು ವರ್ಷ ಹಂಗಿಸಲಿ ಎಂದುಕೊಂಡೆ.

ಮಧ್ಯಾಹ್ನ ಕಳೆದ ಮೇಲೆ ವೈದ್ಯೆ ಬಂದರು. ಕಾಗದಗಳನ್ನು ಎರಡು ಸಲ ನೋಡಿ, “ಹೃದಯಕ್ಕೆ ಏನೂ ಆಗಿಲ್ಲ. ಇದು ಹೊಟ್ಟೆಯದೇ, ಆಮ್ಲ ಹೆಚ್ಚಾಗಿದೆ. ಖಾರ, ಹೊಗೆಸೊಪ್ಪು ಎರಡೂ ಬಿಡಿ. ಇನ್ನೊಂದು ಸಲ ನೋವು ಬಂದರೆ ಹೀಗೇ ಬನ್ನಿ, ಮನೆಯಲ್ಲಿ ಕೂರಬೇಡಿ” ಎಂದರು.

ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಮ್ಮ ಮಂಚದಿಂದ ಇಳಿಯುತ್ತಲೇ, “ನೋಡ್ದಾ? ನಾನ್ ಬೆಳಿಗ್ಗೇನೇ ಯೋಳಿರ್ನಿಲ್ವಾ ಗ್ಯಾಸು ಅಂತ? ಒಂದಿನದ ಕೆಲ್ಸ ಕೆಡಿಸ್ದೆ ಕಣಕ್ಕ” ಎಂದ.

“ನೀನು ಹೇಳಿದ್ದು ಊಹೆ. ಅವರು ಹೇಳಿದ್ದು ನೋಡಿ” ಎಂದೆ. ನಾನು ಅಷ್ಟು ಚುರುಕಾಗಿ ಮಾತಾಡುವವಳಲ್ಲ. ಅವನಿಗೂ ಆಶ್ಚರ್ಯವಾಗಿರಬೇಕು.

ನಾದಿನಿ ಔಷಧಿ ತರಲು ಹೋದಾಗ ನಾವಿಬ್ಬರೂ ಆಸ್ಪತ್ರೆಯ ಮುಂದಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಸದ್ಯ ಟೀಯೂ ಬೇಡ ಎಂದು ವೈದ್ಯೆ ಹೇಳಿದ್ದರು, ಅವನು ಬಿಸಿನೀರು ಹಿಡಿದುಕೊಂಡಿದ್ದ. ರಸ್ತೆ ನೋಡುತ್ತ ಹೇಳಿದ:

“ಬೆಳಿಗ್ಗೆ ನಂಗೆ ಭಾವಂದೇ ನೆಪ್ಪಾಯ್ತು ಕಣಕ್ಕ. ನಂದೂ ಮುಗೀತು ಅಂದ್ಕಂಡೆ.”

“ಮತ್ಯಾಕೆ ಗ್ಯಾಸು ಅಂದೆ?”

“ಎದೆ ಅಂದ್ಬುಟ್ರೆ ಅವ್ಳು ಕೂಗಾಡ್ತಾಳೆ. ನೀನ್ ಬೇರೆ ಇದ್ದೆ. ಗ್ಯಾಸು ಅಂದ್ರೆ ಯಾರಿಗೂ ತೊಂದ್ರೆ ಇಲ್ಲ.”

ಗ್ಯಾಸು ಎಂಬುದು ಗಂಡಸರು ತಿಳಿಯದೆ ಮಾಡುವ ತಪ್ಪು ಎಂದು ನಾನು ವರ್ಷವಿಡೀ ಅಂದುಕೊಂಡಿದ್ದೆ. ಅದು ನಮ್ಮನ್ನು ಹೆದರಿಸಬಾರದೆಂದು ಅವರು ಆಡುವ ಮಾತೂ ಆಗಿರಬಹುದು ಎಂದು ಹೊಳೆದಿರಲಿಲ್ಲ. ಯಜಮಾನರು ಮೂರನೇ ಸಲ ಗ್ಯಾಸು ಎಂದಾಗ ನನ್ನ ಮುಖ ನೋಡಿದ್ದು ಯಾಕೆಂದು ಆಗ ಅರ್ಥವಾದ ಹಾಗಾಯಿತು. ಅವರಿಗೆ ಗೊತ್ತಿತ್ತೋ ಇಲ್ಲವೋ, ಇನ್ನು ಯಾರನ್ನು ಕೇಳಲಿ. ಆದರೆ ಒಂದು ವರ್ಷದಿಂದ ನನ್ನ ಮೇಲೆಯೇ ಇದ್ದ ಸಿಟ್ಟು ಆ ಬೆಂಚಿನ ಮೇಲೆ ಸ್ವಲ್ಪ ಸಡಿಲವಾಯಿತು.

ಅದಕ್ಕೇ ಹೇಳುತ್ತೇನೆ. ಬರುವ ಹತ್ತು ವರ್ಷದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ದಿನದ ಬಾಳನ್ನು ಬದಲಿಸುವುದು ಆಕಾಶದಲ್ಲಿ ಹಾರುವ ಯಂತ್ರಕ್ಕಿಂತ ಆ ಸಣ್ಣ ಪೆಟ್ಟಿಗೆ. ಅದು ಇನ್ನೂ ಸಣ್ಣದಾಗಿ ಡೇರಿಯಲ್ಲಿ, ಪಂಚಾಯ್ತಿ ಕಚೇರಿಯಲ್ಲಿ, ಆಮೇಲೆ ಮನೆಗಳಲ್ಲಿ ಇರುತ್ತದೆ. ಹಾಲಿನ ಫ್ಯಾಟ್ ನೋಡಿಸಿದಷ್ಟೇ ಸಲೀಸಾಗಿ ಜನ ಎದೆ ನೋಡಿಸುತ್ತಾರೆ. ಯಜಮಾನರ ಅಳತೆಗೆ ಮಾತ್ರ ಇದು ಸಿಗುವುದಿಲ್ಲ, ಏಕೆಂದರೆ ಇದು ಬಿಡಿಸುವುದು ಕೈಯ ಕೆಲಸವನ್ನಲ್ಲ. ಏನೂ ಇಲ್ಲ ಎಂದು ನಟಿಸುವ ಕೆಲಸವನ್ನು.

ಊರಿಗೆ ಬಂದಾಗ ಹಸು ಕರೆಯುವ ಹೊತ್ತು. ಕಾರು ಓಡಿಸಿದ ಹುಡುಗ ಕೀಯನ್ನು ತಮ್ಮನ ಕೈಗಿಟ್ಟು ಹೋದ. ಕಾರು ಕೊಟ್ಟ ಎದುರು ಮನೆಯವರು ಜಗಲಿಯಿಂದ ಇಳಿದು ಬಂದರು. ತಮ್ಮನಿಗಿಂತ ಹಿರಿಯರು, ಮಾತು ಕಡಿಮೆ.

“ಏನಾಗಿತ್ಲಾ?”

ತಮ್ಮ ಟವಲಿನಿಂದ ಮುಖ ಒರೆಸಿಕೊಂಡ. “ಎದೆ ನೋವು ಬಂದಿತ್ತಣ್ಣ” ಎಂದ. “ಎದ್ರಿಕೆ ಆಯ್ತು, ತೋರಿಸ್ಕಂಡ್ ಬಂದೆ. ಏನಿಲ್ವಂತೆ.”

ಎದುರು ಮನೆಯವರು ತಲೆ ಆಡಿಸಿದರು. ಹೋಗಲಿಲ್ಲ. ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತು, “ಆ ಮಿಷಿನ್ನು… ನೋವಾಯ್ತದಾ?” ಎಂದು ಕೇಳಿದರು.

ತಮ್ಮ ಅವರ ಮುಖವನ್ನು ದಿಟ್ಟಿಸಿ ನೋಡಿದ.

“ಇಲ್ಲಣ್ಣ, ತಣ್ಣಗಿರ್ತದೆ ಅಷ್ಟೆ. ಎಷ್ಟ್ ದಿನದಿಂದ ಅದೆ ನಿಂಗೆ?”

“ನಾಕ್ ದಿನ.”

“ಕಾರ್ ಕೀ ಇನ್ನೂ ನನ್ತಾವೇ ಅದೆ” ಎಂದ ತಮ್ಮ. “ಅಂಗಿ ಆಕ್ಕಂಡ್ ಬಾ. ಈಗ್ಲೇ ಓಗದು.”