ನಾಲ್ಕು ಎಳೆ ಸಾಕೆಂದವಳು ನಾನು

ಅವರ ಬಲಗೈ ಹಿಂಬದಿಯಲ್ಲಿ ಕೂದಲೇ ಇರಲಿಲ್ಲ. ಸುಟ್ಟು ಸುಟ್ಟು ನುಣ್ಣಗಾಗಿತ್ತು. ಯಾವ ತಂತಿಯನ್ನೂ ಮೊದಲು ಅಲ್ಲಿಂದಲೇ ಮುಟ್ಟುವರು. "ಅಂಗೈಲೆ ಹಿಡದ್ರ ಕರೆಂಟು ಬಿಡೂದಿಲ್ಲರಿ ಅಕ್ಕಾರ. ಹಿಂದ ಬಡದ್ರ ಕೈ ತಾನ ಸರೀತೈತಿ" ಎನ್ನುವರು. ಬೈಲಹೊಂಗಲದ ನಮ್ಮ ಕಾಲೇಜಿನ ಫ್ಯಾನು, ಲೈಟು, ಗಂಟೆ ಎಲ್ಲಕ್ಕೂ ಅವರೇ. ದೊಡವಾಡದಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದ ಈ ವೈರ್‌ಮನ್ ಕಾಕಾಗೆ, ಕಂಪ್ಯೂಟರ್ ಕಲಿಸುವ ನನ್ನ ಮಾತೆಂದರೆ ವೇದವಾಕ್ಯ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಕಾಲೇಜಿಗೆ ವೈರ್‌ಲೆಸ್ ನೆಟ್ ಬಂತು. ವರಾಂಡದ ಛತ್ತಿಗೆ ಬಿಳಿ ಡಬ್ಬಿಗಳನ್ನು ಕೂಡಿಸಬೇಕು. ಅವಕ್ಕೆ ಬೇರೆ ಪ್ಲಗ್ ಬೇಡ. ನೆಟ್ ತರುವ ವೈರೇ ಕರೆಂಟನ್ನೂ ತರುತ್ತದೆ. ಕಾಕಾ ನಕ್ಕೇ ನಕ್ಕರು. "ಒಂದ ಚಕ್ಕಡಿಯಾಗ ಬೀಗರೂ ಬರಬೇಕು, ಮೇವೂ ಬರಬೇಕು ಅನ್ರಿ!"

ವೈರು ಸುಲಿದರೆ ಒಳಗೆ ಎಂಟು ಎಳೆ. "ನೆಟ್ಟಿಗೆ ಎಷ್ಟ ಬೇಕರಿ?" ಎಂದು ಕೇಳಿದರು.

"ನಾಕು ಸಾಕು ಕಾಕಾ" ಎಂದೆ, ಲ್ಯಾಬಿನ ಕಂಪ್ಯೂಟರುಗಳಿಗೆ ನಾಲ್ಕೇ ಎಳೆ ಕೂಡಿಸುವ ರೂಢಿಯ ಮೇಲೆ. ಡಬ್ಬಿಯ ಜೊತೆ ಬಂದ ಪುಸ್ತಕ ನನ್ನ ಟೇಬಲ್ಲಿನ ಮೇಲೇ ಇತ್ತು. ಬಿಚ್ಚಿ ನೋಡಿರಲಿಲ್ಲ.

ಏನನ್ನೂ ದಂಡ ಮಾಡುವ ಜೀವ ಅಲ್ಲ ಅದು. ಉಳಿದ ನಾಲ್ಕೆಳೆಯನ್ನು ಪಕ್ಕದ ಡಬ್ಬಿಗೆ ಕೊಟ್ಟು, ಒಂದೊಂದು ವೈರಿನಲ್ಲಿ ಎರಡೆರಡು ಡಬ್ಬಿ ಮುಗಿಸಿ, ಗೋಡೆಗೆ ಸಿಮೆಂಟು ಮೆತ್ತಿದರು. ಕರೆಂಟು ಬರಬೇಕಿದ್ದದ್ದು ಆ ಉಳಿದ ನಾಲ್ಕೆಳೆಯಲ್ಲೇ.

ಉದ್ಘಾಟನೆಯ ದಿನ ಒಂದು ಡಬ್ಬಿಯೂ ಹತ್ತಲಿಲ್ಲ. ಡಬ್ಬಿ ಮಾರಿದವರು ವೈರು ನೋಡಿ ತಪ್ಪು ಹಿಡಿದರು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿ ಕಾಕಾನನ್ನು ಕೇಳಿದರು. "ನಾಕ ಎಳಿ ಸಾಕಂತ ಯಾರ ಹೇಳಿದ್ರು ನಿಮಗ?"

ನನ್ನದು ವರ್ಷ ವರ್ಷ ಸಹಿ ಬೀಳಬೇಕಾದ ತಾತ್ಕಾಲಿಕ ನೌಕರಿ. ಕಾಕಾ ನನ್ನ ಕಡೆ ಹೊರಳಿಯೂ ನೋಡಲಿಲ್ಲ. "ಯಾರ ಹೇಳ್ತಾರ್ರೀ ಸಾಹೇಬ್ರ, ನಂದ ಶಾಣ್ಯಾತನ. ಅಕ್ಕಾರು ಬ್ಯಾಡಂದಿದ್ರು, ನಾನ ಕೇಳಲಿಲ್ಲ."

ಥೂ, ಎಂಥ ಬಾಯಿ ನನ್ನದು! ಬೇಕಾದಾಗ ಒಂದು ಮಾತು ಹೊರಡಲಿಲ್ಲ. ಅವರನ್ನು ಅಂದೇ ಕೆಲಸದಿಂದ ಬಿಡಿಸಿದರು. ಬೇರೆಯವರು ಬಂದು ಗೋಡೆ ಒಡೆದು ಹೊಸ ವೈರು ಎಳೆದರು. ಮುಂದಿನ ತಿಂಗಳು ನನ್ನ ಕಾಗದಕ್ಕೆ ಸಹಿ ಬಿತ್ತು.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ತಪ್ಪಾಯಿತೆನ್ನಲು ಬಾಯಿ ತೆರೆದೆ. "ಹೋಗ್ಲಿ ಬಿಡ್ರಿ" ಎಂದು ತಡೆದು, "ಡಬ್ಬಿ ಹತ್ತ್ಯಾವೇನ್ರಿ ಈಗ?" ಎಂದರು. ಹತ್ತ್ಯಾವ ಎಂದೆ. ಮಗುವಿನಂತೆ ಖುಷಿಪಟ್ಟರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಎರಡು ವರ್ಷಕ್ಕೆ ಕಾಮಾಲೆಯಾಗಿ ತೀರಿಹೋದರು. ಕರ್ಮ ಮುಗಿದ ಮೇಲೆ ಮಾತಾಡಿಸಲು ದೊಡವಾಡಕ್ಕೆ ಹೋದೆ. ಅವರ ಹೆಂಡತಿಯ ಮುಂದಾದರೂ ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಕೆ ಚಹಾ ಕೊಟ್ಟು ಎದುರಿಗೆ ಕುಳಿತರು.

"ಕಾಲೇಜ ಯಾಕ ಬಿಟ್ರಿ ಅಂತ ಕೇಳಿ ಕೇಳಿ ಸಾಕಾತ್ರಿ. ಕಣ್ಣು ಮಂಜಾಗ್ಯಾವ ಅಂದ್ರು, ಅಷ್ಟ. ನಿಮ್ಮ ಹೆಸರ ಭಾಳ ತಗೀತಿದ್ರರಿ. ಅಕ್ಕಾರು ಇರೂತನಕ ನನಗ ಯಾರೂ ಒಂದ ಮಾತ ಅಂದಿಲ್ಲ ಅಂತಿದ್ರು."

ಚಹಾ ಕುಡಿದೆ. ಹೇಳದೆಯೇ ಎದ್ದು ಬಂದೆ.