ದೊಡ್ಡಮ್ಮನ ಮಂಡಿ, ನನ್ನ ಸೀಟು

ಈಗ ಹೇಳಹೊರಟಿರುವುದರಲ್ಲಿ ಒಂದಷ್ಟು ತಪ್ಪಿರಬಹುದು. ಯಾವುದು ತಪ್ಪೆಂದು ಗೊತ್ತಿದ್ದರೆ ತಿದ್ದಿಯೇ ಬರೆಯುತ್ತಿದ್ದೆ. ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ; ಆದರೆ ಆ ವಾರಗಳಲ್ಲಿ ಬರೆದಿರುವುದೆಲ್ಲ ಬರೀ ಸಂಕಟ, ನಡೆದದ್ದೇನು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ನಮ್ಮ ಓಪಿಡಿಯಲ್ಲಿ ಒಬ್ಬ ಅಜ್ಜಿ ಸೀರೆಯನ್ನು ಮಂಡಿಯವರೆಗೆ ಸರಿಸಿದರು. ನೋವಿನ ಮುಲಾಮಿನ ವಾಸನೆ ಗಮ್ಮೆಂದಿತು. ಬಗ್ಗಿ ಅವರ ಮಂಡಿ ನೋಡುತ್ತಿದ್ದೆನಾದರೂ ಮನಸ್ಸು ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಹೋಗಿ ಕೂತಿತ್ತು.

ಎಂಬಿಬಿಎಸ್ ಮುಗಿಸಿ, ಪಿಜಿ ಪ್ರವೇಶ ಪರೀಕ್ಷೆ ಬರೆದು, ಸೀಟಿಗೆ ಕಾದಿದ್ದ ಕಾಲ ಅದು. ನೀವು ಡಾಕ್ಟರಲ್ಲದಿದ್ದರೆ ಪುಣ್ಯವಂತರು, ನಿಮಗಾಗಿ ಹೇಳುತ್ತೇನೆ: ಯಾವ ಕಾಲೇಜು, ಯಾವ ವಿಷಯ ಬೇಕೆಂದು ಇಷ್ಟದ ಕ್ರಮದಲ್ಲಿ ಕಂಪ್ಯೂಟರಿಗೆ ತಿಳಿಸಬೇಕು. ಅದು ಮೇಲಿನಿಂದ ನೋಡುತ್ತ ಬಂದು, ನಿಮ್ಮ ರ‍್ಯಾಂಕಿಗೆ ಮೊದಲು ಎಟುಕಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಮ್ಮೆ ಲಾಕ್ ಒತ್ತಿದರೆ ಮುಗಿಯಿತು, ಮೂರು ವರ್ಷದ ಬದುಕು ಅಲ್ಲೇ.

ವಿಷಯದಲ್ಲಿ ನನಗೆ ಗೊಂದಲವಿರಲಿಲ್ಲ, ಜನರಲ್ ಮೆಡಿಸಿನ್. ಗೊಂದಲವಿದ್ದದ್ದು ಎರಡು ಆಸ್ಪತ್ರೆಗಳ ನಡುವೆ. ಒಂದು ಊರ ಮಧ್ಯದ ದೊಡ್ಡದು. ಅಲ್ಲಿ ಕಲಿತವರಿಗೆ ಬಾರದ ಕೆಲಸವಿಲ್ಲ ಎನ್ನುತ್ತಿದ್ದರು. ಆದರೆ ನನ್ನ ಸೀನಿಯರ್ ಒಬ್ಬಳು ಅಲ್ಲಿಗೆ ಹೋಗಿ ವರ್ಷ ತುಂಬುವ ಮೊದಲೇ ಸೀಟು ಬಿಟ್ಟು ಬಂದಿದ್ದಳು. ಇನ್ನೊಂದು ಕೆಂಗೇರಿ ಆಚೆಯ ಚಿಕ್ಕದು. ಅಲ್ಲಿ ನಿದ್ದೆ ಸಿಗುತ್ತದೆ, ರೋಗಿಗಳು ಸಿಗುವುದಿಲ್ಲ. ಬೆಳಿಗ್ಗೆ ಎದ್ದ ಉತ್ಸಾಹದಲ್ಲಿ ದೊಡ್ಡದನ್ನು ಮೇಲಿಡುತ್ತಿದ್ದೆ. ಮಧ್ಯಾಹ್ನ ಅನ್ನ ಸಾರು ಉಂಡು ಕಣ್ಣೆಳೆಯುವ ಹೊತ್ತಿಗೆ ಚಿಕ್ಕದು ಮೇಲೇರಿರುತ್ತಿತ್ತು.

ಅಪ್ಪನಿಗೆ ಗೊತ್ತಿದ್ದ ಆಯ್ಕೆಯ ವಿದ್ಯೆ ಒಂದೇ, ಸೈಟು ಕೊಳ್ಳುವುದು.

"ರಸ್ತೆ ಅಗಲ ಇದ್ಯಾ? ನೀರು ಹೇಗೆ?" ಎಂದರು.

"ಅಪ್ಪಾ, ನಾನು ಅಲ್ಲಿ ಮನೆ ಕಟ್ಟಲ್ಲ."

"ಮುಂದೆ ಡೆವಲಪ್ ಆಗೋದು ಕೆಂಗೇರಿ ಕಡೇನೇ. ಚಿಕ್ಕದನ್ನೇ ಹಾಕು."

ಆಗ ಮಹಡಿಯಿಂದ ದೊಡ್ಡಮ್ಮ ಇಳಿದು ಬಂದರು. ಅಪ್ಪನ ಅಣ್ಣನ ಹೆಂಡತಿ. ನಮ್ಮ ಕುಟುಂಬದ ಎಲ್ಲ ಹೆಣ್ಣುಮಕ್ಕಳಿಗೂ ಗಂಡಿನ ಮನೆ ನೋಡಿಕೊಂಡು ಬಂದವರು ಅವರೇ. ಅವರ ಕ್ರಮ ಬೇರೆ. ಹುಡುಗನನ್ನು ಹೆಚ್ಚು ನೋಡುವುದಿಲ್ಲ, ಜಾತಕ ಕೇಳುವುದಿಲ್ಲ. ಕುಡಿಯಲು ನೀರು ಬೇಕೆಂದು ಎದ್ದು ನೇರ ಅಡುಗೆಮನೆಗೆ ಹೋಗಿ, ಆ ಮನೆಗೆ ಈಗಾಗಲೇ ಬಂದಿರುವ ಸೊಸೆಯ ಮುಖ ನೋಡುತ್ತಾರೆ. ಅಷ್ಟೇ. ಅವಳ ಕಣ್ಣ ಕೆಳಗೆ ಕಪ್ಪಿದ್ದರೆ ಉಪ್ಪಿಟ್ಟನ್ನೂ ಮುಟ್ಟದೆ ವಾಪಸು.

"ಮೂರು ವರ್ಷ ಅಂತೆ, ಹಗಲೂ ರಾತ್ರಿ ಅಂತೆ. ಮನೆ ನೋಡ್ದೆ ಹೆಣ್ಣು ಕಳಿಸ್ತಾರೇನಪ್ಪಾ? ನಾನು ನೋಡ್ಕೊಂಡು ಬರ್ತೀನಿ," ಎಂದರು.

"ಅತ್ತಿಗೆ, ಆಸ್ಪತ್ರೆ ಒಳಗೆ ಸುಮ್ನೆ ಬಿಡಲ್ಲ."

"ಸುಮ್ನೆ ಯಾಕೆ ಹೋಗ್ಲಿ? ಮಂಡಿ ಇದ್ಯಲ್ಲ!"

ಮಂಡಿ ಎಂದರೆ ಮೂಳೆಯವರ ಕಡೆ ಅಟ್ಟುತ್ತಾರೆ ಎಂದು ನಾನೇ ಎಚ್ಚರಿಸಿದೆ. ದೊಡ್ಡಮ್ಮ ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಸುಸ್ತು ಅಂತಾನೂ ಸೇರಿಸ್ತೀನಿ," ಎಂದರು. ಹೀಗೆ ಮಂಡಿ, ಸುಸ್ತು ಮತ್ತು ನಾನು, ಮೂವರನ್ನೂ ಕರೆದುಕೊಂಡು ಅವರು ಹೊರಟರು.

ಚಿಕ್ಕ ಆಸ್ಪತ್ರೆಯಲ್ಲಿ ನಾವು ಬೆಂಚಿನ ಮೇಲೆ ಕೂರುವ ಮೊದಲೇ ಕರೆದರು. ಮೂವರು ಪಿಜಿ ಡಾಕ್ಟರುಗಳು ಆ ಒಂದು ಮಂಡಿಯ ಸುತ್ತ ನಿಂತರು. ಒಬ್ಬ ಸುತ್ತಿಗೆಯಿಂದ ತಟ್ಟಿದ, ಒಬ್ಬಳು ಚಿತ್ರ ಬರೆದು ವಿವರಿಸಿದಳು, ಇನ್ನೊಬ್ಬ ದೊಡ್ಡಮ್ಮನ ಬಾಲ್ಯದ ಜ್ವರಗಳನ್ನೆಲ್ಲ ಕೇಳಿ ತಿಳಿದುಕೊಂಡ. ಸರದಿಯಂತೆ ಎದೆಗೆ ಸ್ಟೆತ್ ಇಟ್ಟು, "ಫಸ್ಟ್ ಕ್ಲಾಸ್ ಇದೀರಾ ಆಂಟಿ," ಎಂದರು. ಹೊರಡುವಾಗ ಗೇಟಿನವರೆಗೂ ಬಂದು, "ಮುಂದಿನ ವಾರ ಖಂಡಿತ ಬನ್ನಿ," ಎಂದು ಕೇಳಿಕೊಂಡರು. ನೆಂಟರೇ ಬಾರದ ಮನೆಯಲ್ಲಿ ಹಾಗೆ ಕರೆಯುತ್ತಾರೆ.

ಆಟೋದಲ್ಲಿ ದೊಡ್ಡಮ್ಮ, "ಮಕ್ಕಳು ಮೈಕೈ ತುಂಬ್ಕೊಂಡಿದಾವೆ. ಕಣ್ಣಲ್ಲಿ ಕಳೆ ಇದೆ," ಎಂದರು. ಲಗ್ನ ಗೊತ್ತಾದಂತೆಯೇ ಎಂದುಕೊಂಡೆ.

ದೊಡ್ಡ ಆಸ್ಪತ್ರೆಗೆ ಹೋದದ್ದು ಮರುದಿನವೋ, ಆ ವಾರವೇ ಇನ್ಯಾವತ್ತೋ. ಸಾಲು ಎಷ್ಟಿತ್ತೆಂದರೆ ಅದರಲ್ಲೇ ಇಬ್ಬರು ಹೆಂಗಸರು ದೊಡ್ಡಮ್ಮನಿಗೆ ಗೆಳತಿಯರಾದರು. ಕೊನೆಗೆ ಸಿಕ್ಕ ಡಾಕ್ಟರ್ ಹುಡುಗಿಯ ಕೂದಲು ಕ್ಲಿಪ್ಪಿನಿಂದ ಅರ್ಧ ಹೊರಬಂದಿತ್ತು.

"ಊಟ ಆಯ್ತೇನಮ್ಮಾ?"

"ಯಾವತ್ತಿಂದು ಆಂಟಿ?"

ಅವಳು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ದೊಡ್ಡಮ್ಮ ಚೀಲದಿಂದ ಕೋಡುಬಳೆ ತೆಗೆದುಕೊಟ್ಟರು. ಅವಳು ಮಾಸ್ಕ್ ಎತ್ತಿ ಇಡೀ ಒಂದನ್ನು ಒಳಗೆ ಕಳಿಸಿ, ಸ್ಟೆತ್ ಅನ್ನು ದೊಡ್ಡಮ್ಮನ ಎದೆಗಿಟ್ಟು ಕಣ್ಣು ಮುಚ್ಚಿದಳು. ಕಣ್ಣು ತೆರೆಯಲೇ ಇಲ್ಲ. ಸಾಲಿನಲ್ಲಿ ಗದ್ದಲವೆದ್ದಿತು.

"ಮೇಡಂ, ನಮ್ಮನ್ನೂ ಸ್ವಲ್ಪ ನೋಡಿ!"

ದೊಡ್ಡಮ್ಮ ಅವರತ್ತ ಬೆರಳೆತ್ತಿದರು. "ಶ್! ಮಗು ಮಲಗಿದೆ."

ಒಂದು ನಿಮಿಷ ಇಡೀ ಸಾಲು ಮೌನವಾಗಿತ್ತೆಂದು ನನ್ನ ನೆನಪು. ಇದು ಮಾತ್ರ ಸುಳ್ಳಾಗದಿರಲಿ ಎಂದು ಆಸೆ. ಆಮೇಲೆ ಹುಡುಗಿ ಕಣ್ಣು ತೆರೆದು, ಚೀಟಿಗೆ ಕೌಂಟರಿನಲ್ಲಿ ಸೀಲು ಹಾಕಿಸಿ ತರುವಂತೆ ನನ್ನನ್ನು ಕಳಿಸಿದಳು. ನಾನು ವಾಪಸು ಬಂದಾಗ ಅವಳು ಎರಡನೆಯ ಕೋಡುಬಳೆ ಅಗಿಯುತ್ತಿದ್ದಳು. ದೊಡ್ಡಮ್ಮ ಚೀಲದ ಬಾಯಿ ಕಟ್ಟುತ್ತಿದ್ದರು.

ಮನೆಯಲ್ಲಿ ಅಪ್ಪ ಕಾದಿದ್ದರು. "ಹೇಗಿದೆ ಅತ್ತಿಗೆ?"

"ಹುಡುಗಿ ಉಂಡಿಲ್ಲ, ತಲೆ ಬಾಚಿಲ್ಲ, ಕೂತಲ್ಲೇ ಕಣ್ಮುಚ್ಚುತ್ತೆ."

"ಸರಿ, ಹಾಗಾದ್ರೆ ಚಿಕ್ಕದೇ."

"ದೊಡ್ಡದನ್ನ ಮೇಲೆ ಹಾಕೇ," ಎಂದರು ದೊಡ್ಡಮ್ಮ ನನ್ನತ್ತ ತಿರುಗಿ.

"ಅಲ್ಲ ಅತ್ತಿಗೆ, ಊಟಾನೇ ಹಾಕಲ್ಲ ಅಂತೀರಿ!"

"ಊಟ ನಾನು ಕಳಿಸ್ತೀನಿ ಬಿಡಪ್ಪಾ."

ತಮ್ಮದೇ ಶಾಸ್ತ್ರಕ್ಕೆ ಅವರು ಹೀಗೆ ತಿರುಗಿಬಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ಕಾರಣ ಕೇಳಲಿಲ್ಲ. ನನ್ನ ಪರವಾಗಿ ಯಾರೋ ತೀರ್ಮಾನಿಸಿದರಲ್ಲ ಎಂಬ ನಿರಾಳದಲ್ಲಿ ಲಾಕ್ ಒತ್ತಿಬಿಟ್ಟೆ.

ಈಗ ಅದೇ ಆಸ್ಪತ್ರೆಯಲ್ಲಿ ನನಗೆ ಎರಡನೆಯ ವರ್ಷ. ಅಪ್ಪ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಊಟದ ಡಬ್ಬಿ ತಂದುಕೊಡುತ್ತಾರೆ, ಬಂದಾಗಲೆಲ್ಲ ಸುತ್ತಲಿನ ಜಾಗದ ರೇಟು ವಿಚಾರಿಸುತ್ತಾರೆ. ಅವತ್ತಿನ ಆ ಡಾಕ್ಟರ್ ಹುಡುಗಿ ನಾನು ಸೇರುವ ಮೊದಲೇ ಓದು ಮುಗಿಸಿ ಹೋಗಿದ್ದಳು. ಇಲ್ಲಿ ನಾನು ಕಲಿತದ್ದರಲ್ಲಿ ಒಂದು ಇದು: ಈ ಗದ್ದಲದಲ್ಲಿ ಎದೆಯೊಳಗಿನ ಸಣ್ಣ ಅಪಸ್ವರ ಹಿಡಿಯಬೇಕಾದರೆ ಕಣ್ಣು ಮುಚ್ಚಲೇಬೇಕು. ನಾನೂ ಮುಚ್ಚುತ್ತೇನೆ. ನಾನು ನಿದ್ದೆಹೋದೆನೆಂದು ಸಾಲು ಕೂಗುತ್ತದೆ. ಇನ್ನೊಂದನ್ನೂ ಕಲಿತಿದ್ದೇನೆ: ರೋಗಿಗೆ ಮಾತ್ರ ಹೇಳುವಂಥದ್ದೇನಾದರೂ ಇದ್ದರೆ ಜೊತೆಗೆ ಬಂದವರನ್ನು ಸೀಲಿಗೆ ಕಳಿಸುತ್ತೇವೆ. ಅವತ್ತು ಆ ಹುಡುಗಿಯ ಎರಡು ಬೆರಳು ದೊಡ್ಡಮ್ಮನ ನಾಡಿಯ ಮೇಲಿದ್ದದ್ದೂ ನನಗೆ ಕಾಣುತ್ತದೆ. ಅವು ನಿಜವಾಗಿ ಅಲ್ಲಿದ್ದವೋ, ಇಷ್ಟು ಕಲಿತ ಮೇಲೆ ನಾನೇ ಇಟ್ಟೆನೋ, ಹೇಳಲಾರೆ.

ಕಳೆದ ಭಾನುವಾರ ಮನೆಗೆ ಹೋಗಿದ್ದೆ. ದೊಡ್ಡಮ್ಮ ಮಹಡಿ ಮೆಟ್ಟಿಲ ಅರ್ಧದಲ್ಲಿ ಕೂತು ಪಕ್ಕದ ಮನೆಯ ದಾಸವಾಳ ನೋಡುತ್ತಿದ್ದರು. ಈಚೆಗೆ ಅವರಿಗೆ ಆ ದಾಸವಾಳದ ಮೇಲೆ ಬಹಳ ಪ್ರೀತಿ, ಹತ್ತುವಾಗಲೆಲ್ಲ ಕೂತು ನೋಡುತ್ತಾರಂತೆ. ನಾನೂ ಪಕ್ಕದಲ್ಲಿ ಕೂತೆ. ಅವರ ಉಸಿರು ಹತೋಟಿಗೆ ಬರುವವರೆಗೂ ಇಬ್ಬರೂ ಹೂವನ್ನೇ ನೋಡಿದೆವು. ಆಮೇಲೆ ಕೇಳಿದೆ.

"ದೊಡ್ಡಮ್ಮಾ, ಅವತ್ತು ನಾನು ಅತ್ಲಾಗೆ ಹೋದಾಗ ಆ ಹುಡುಗಿ ನಿಮಗೆ ಏನಂದ್ಲು?"